ಚಿಟಿಕೆ ನಿದ್ದೆಯ ಸಂತೆ

ಬಹಳ ಹಿಂದೆ, ಗುಡ್ಡಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹೊನ್ನಾರು ಅಂತ ಒಂದು ರಾಜ್ಯವಿತ್ತು.

ಆ ರಾಜ್ಯದ ಅಂಚಿಗೆ ಒಂದು ಬೋಳುಗುಡ್ಡ. ಒಂದು ದಿನ ಬೆಳಗಾಗುವುದರೊಳಗೆ ಅದರ ನೆತ್ತಿಯ ಮೇಲೆ ದೊಡ್ಡ ಸಂತೆ ಹುಟ್ಟಿಕೊಂಡಿತು. ಹೂಡಿದವನು ಥಳಕಪ್ಪನೆಂಬ ಮಾಯಾವಿ. ಬಾಚಣಿಗೆಯಿಂದ ಹಿಡಿದು ಬೆಳ್ಳಿ ತೊಟ್ಟಿಲವರೆಗೆ ಅಲ್ಲಿ ಎಲ್ಲವೂ ಹೊಚ್ಚ ಹೊಸದು. ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಏನು ಕೊಂಡರೂ ಒಂದು ಚಿಟಿಕೆ ನಿದ್ದೆ, ಅಷ್ಟೇ ಬೆಲೆ. ಕೊಳ್ಳುವವರು ರೆಪ್ಪೆ ಮುಚ್ಚಿದರೆ ಸಾಕು, ಎರಡು ಬೆರಳಲ್ಲಿ ಮೆತ್ತಗೆ ಚಿವುಟಿ, ಅರಳೆಯಂಥ ಆ ನಿದ್ದೆಯನ್ನು ಗಡಿಗೆಗೆ ಹಾಕಿ, ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದ.

ಊರಲ್ಲಿ ಕಲ್ಲಪ್ಪ ಅಂತ ಒಬ್ಬ ಬಡಿಗ. ಒಳ್ಳೆಯವನೇ, ಆದರೆ ಹೊಸದು ಕಂಡರೆ ಕೈ ನಿಲ್ಲದು. ಇವತ್ತು ಒಂದು ಉಳಿ, ನಾಳೆ ಒಂದು ರುಮಾಲು, ನಾಡಿದ್ದು ಸುಮ್ಮನೆ ಒಂದು ಗಿಲಕಿ.

"ಮನ್ಯಾಗ ಕೂಸಿಲ್ಲ, ಗಿಲಕಿ ಯಾಕ್ರಿ?" ಅಂದಳು ಹೆಂಡತಿ ದುಂಡವ್ವ.

"ಒಂದು ಚಿಟಿಕಿ ನಿದ್ದಿ ಹೋದ್ರ ಏನಾಗ್ತೈತಿ ಬಿಡ."

ದುಂಡವ್ವ ಊರವರಿಗೆ ಕೌದಿ ಹೊಲಿದುಕೊಡುವವಳು. ಹಳೇ ಸೀರೆ, ಹಳೇ ಧೋತರ ಒಂದರ ಮೇಲೊಂದು ಹಾಸಿ ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಅದೇ ಕೌದಿ, ಹೊದೆಯಲಿಕ್ಕೆ ಬೆಚ್ಚಗೆ. ಅವಳ ಮನೆಯ ಮೂಲೆಯಲ್ಲೊಂದು ಗಂಟು. ಅದರಲ್ಲಿ ಹರಕು ಬಟ್ಟೆ, ಒಡಕು ಕರಟ, ಸವೆದ ಕೆರ, ಇಂಥವೇ. ಗಂಡ ಎಸೆ ಅಂದರೆ, "ಇರ್ಲಿ ಬಿಡ್ರಿ, ಬೇಕಾಗ್ತೈತಿ" ಅನ್ನುವಳು.

"ನನ್ನೂ ಒಂದಿನ ಆ ಗಂಟಿನ್ಯಾಗ ಕಟ್ಟಿಡ್ತಿ ನೀ" ಅಂತ ಕಲ್ಲಪ್ಪ ನಗುತ್ತಿದ್ದ.

"ಹರದ್ರ ಕಟ್ಟಿಡ್ತೇನ್ರಿ" ಅಂತ ಅವಳೂ ನಗುತ್ತಿದ್ದಳು.

ಹೀಗೇ ಚಿಟಿಕೆ ಚಿಟಿಕೆಯಾಗಿ ಒಂದು ದಿನ ಕಲ್ಲಪ್ಪನ ನಿದ್ದೆಯೆಲ್ಲ ತೀರಿಹೋಯಿತು. ಮಲಗಿದರೂ ಕಣ್ಣು ಮುಚ್ಚಲಿಲ್ಲ. ಊರಲ್ಲಿ ಅವನಂಥವರು ಬಹಳ ಮಂದಿ. ನಿದ್ದೆ ತೀರಿದವರು ಅಮಾವಾಸ್ಯೆಯ ದಿನ ತಾವಾಗಿ ಗುಡ್ಡ ಹತ್ತಿ, ಸಂತೆಯಲ್ಲಿ ಕಣ್ಣು ಮಿಟುಕಿಸದ ದೀಪದ ಕಂಬಗಳಾಗಿ ನಿಂತುಬಿಡುತ್ತಿದ್ದರು. ರಾಜ ದಳವಾಯಿಯನ್ನು ಥಳಕಪ್ಪನ ಮೇಲೆ ಯುದ್ಧಕ್ಕೆ ಕಳಿಸಿದ. ಅವನು ಹೊಸ ಕತ್ತಿ, ಒಂದು ಗಿಳಿಪಂಜರ, ಹೆಂಡತಿಗೆ ಕಾಡಿಗೆ ಡಬ್ಬಿ ಕೊಂಡು ತೂಕಡಿಸಲಾರದೆ ವಾಪಸು ಬಂದ.

ಅಮಾವಾಸ್ಯೆ ಹತ್ತಿರ ಬಂತು. ದುಂಡವ್ವ ಗಂಡನ ಪಾದ ಮುಟ್ಟಿ ನೋಡಿದಳು. ಆಗಲೇ ಕಬ್ಬಿಣದ ಹಾಗೆ ತಣ್ಣಗಿತ್ತು. ಒಂದು ರೊಟ್ಟಿ ಕಟ್ಟಿಕೊಂಡು, ಮೂಲೆಯ ಗಂಟು ತಲೆಗೇರಿಸಿ, ಗುಡ್ಡದ ದಾರಿ ಹಿಡಿದಳು.

ಕೊಳ್ಳುವವರಿಗೆ ಸಂತೆ ತೆರೆದೇ ಇತ್ತು, ಥಳಕಪ್ಪ ಗಡಿಗೆ ಕೂಡಿಟ್ಟ ಒಳಮನೆಗೆ ಮಾತ್ರ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಂಚಿನ ಹುಲಿ ನಿಂತಿತ್ತು. ಕೆಳಗೆ ಕಾದ ಬಂಡೆ. ಅದು ಒಂದು ಪಾದ ಎತ್ತಿ ಇನ್ನೊಂದು ಊರುತ್ತಿತ್ತು.

"ಕಾಲು ಸುಡ್ತಾವ. ತಂಪು ಮಾಡಿದವರನ್ನ ಒಳಗ ಬಿಡ್ತೇನಿ, ಮಾಡದವರನ್ನ ತಿಂತೇನಿ" ಅಂತು ಹುಲಿ.

"ಕಾಲಿಗೆ ಜರಿ ಜೋಡು ಯಾರೂ ಕೊಡ್ಲಿಲ್ಲೇನಪ್ಪ ನಿನಗ?"

"ಕೊಟ್ರು. ಹೊಸವು, ಕಚ್ಚಿದ್ವು. ಕೊಟ್ಟವರನ್ನ ನಾ ಕಚ್ಚಿದೆ."

ದುಂಡವ್ವ ಗಂಟು ಬಿಚ್ಚಿ, ಕಲ್ಲಪ್ಪನ ಸವೆದ ಕೆರ ತೆಗೆದಳು. ಮೆತ್ತಗಾದ ತೊಗಲನ್ನು ಕುಯ್ದು ನಾಲ್ಕೂ ಪಾದಕ್ಕೆ ಕಟ್ಟಿದಳು. ಹುಲಿ ನೆಲದ ಮೇಲೆ ಕಾಲು ಊರಿ ಉಸ್ಸೆಂದಿತು. "ಒಳಗ ಏನೂ ಕೊಳ್ಳಬ್ಯಾಡ ತಾಯಿ" ಅಂತ ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ಮೂರು ಹೆಡೆಯ ಹಾವು. ಪಕ್ಕದಲ್ಲೇ ಬಂಡೆಯ ಸೀಳಿನೊಳಗೆ ನೀರು ಮಿನುಗುತ್ತಿತ್ತು. ಹೆಡೆ ಹೋಗದಷ್ಟು ಇಕ್ಕಟ್ಟು.

"ನೀರು ಕುಡಿಸಿದವರಿಗೆ ದಾರಿ, ಇಲ್ಲಂದ್ರ ವಿಷ" ಅಂತು ಹಾವು. ಸುತ್ತ ಬೆಳ್ಳಿ ಕೊಡಗಳು ಬಿದ್ದಿದ್ದವು. ಒಂದೂ ಆ ಸೀಳಿನಲ್ಲಿ ಇಳಿದಿರಲಿಲ್ಲ.

ದುಂಡವ್ವ ಒಡಕು ಕರಟ ತೆಗೆದು, ಅಡ್ಡಡ್ಡ ತೂರಿಸಿ, ಮೊಗೆದು ಮೊಗೆದು ಮೂರೂ ಬಾಯಿಗೆ ಹೊಯ್ದಳು.

ದಾಹ ಇಂಗಿದ ಹಾವು ತಣ್ಣಗೆ ಸುತ್ತಿಕೊಂಡಿತು. "ಅವ್ವಾ, ಕೇಳು. ಥಳಕಪ್ಪ ಹುಟ್ಟಿದಾಗಿಂದ ಮಲಗಿದವನಲ್ಲ. ಅದಕ್ಕ ಊರ ನಿದ್ದಿ ಕೂಡಿಡ್ತಾನ. ಒಂದೆಳಿನೂ ಅವನಿಗೆ ಹತ್ತೂದಿಲ್ಲ. ಅವನ ಕಣ್ಣು ಮುಚ್ಚಿದ್ರ ಗಡಗಿ ಮುದ್ರಿ ತಾವಾಗಿ ಒಡೀತಾವ."

ಮೂರನೇ ಬಾಗಿಲಲ್ಲಿ ಕಾವಲಿಗೆ ಯಾರೂ ಇರಲಿಲ್ಲ. ಅಲ್ಲಿದ್ದದ್ದು ಒಂದು ಸೂಜಿ.

ಮಖಮಲ್ಲಿನ ಮೇಲೆ ಹೊಳೆಯುತ್ತಿತ್ತು. ತಾನೇ ದಾರ ಪೋಣಿಸಿಕೊಳ್ಳುವ ಸೂಜಿ ಅದು. ಹಿಂದೆ ಥಳಕಪ್ಪ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದ.

"ತಗೋ ತಂಗಿ. ಒಂದು ಚಿಟಿಕಿ ಹೋದ್ರ ಏನಾಗ್ತೈತಿ?"

ದುಂಡವ್ವನ ಹಳೇ ಸೂಜಿಯ ಕಣ್ಣು ಕಿರಿದು. ದಿನಾ ಎಂಜಲು ಹಚ್ಚಿ ದಾರ ಹೊಸೆಯುವುದೇ ಒಂದು ಗೋಳು. ಬದುಕಿನಲ್ಲಿ ಅವಳಿಗೆ ಬೇಕು ಅನ್ನಿಸಿದ್ದು ಇದೊಂದೇ. ರೆಪ್ಪೆ ಭಾರವಾಯಿತು, ಮುಚ್ಚಿಯೇಬಿಡುತ್ತಿದ್ದಳು. ಅಷ್ಟರಲ್ಲಿ ಅವನಾಡಿದ ಮಾತು ಮತ್ತೆ ಕಿವಿಗೆ ಬಂತು. ಕಲ್ಲಪ್ಪ ಗಿಲಕಿ ತಂದ ದಿನ ಆಡಿದ ಮಾತೂ ಅದೇ. ತಣ್ಣಗಿದ್ದ ಪಾದ ನೆನಪಾಯಿತು. ಕಣ್ಣು ಅಗಲಿಸಿದಳು.

"ಬ್ಯಾಡ್ರಿ ಸಾವ್ಕಾರ್ರ. ಇರೂ ಸೂಜಿ ಹೊಲೀತೈತಿ. ನಿಮ್ಮ ಕಣ್ಣು ಯಾಕ ಹಿಂಗ ಕೆಂಪಾಗ್ಯಾವ?"

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. "ನಿದ್ದಿ ಹತ್ತೂದಿಲ್ಲ. ರೇಷ್ಮಿ ಹಾಸಿಗಿ ಜಾರ್ತಾವ, ತಣ್ಣಗ ಕೊರೀತಾವ."

"ನಾ ಒಂದು ಕೌದಿ ಹೊಲಿದು ಕೊಡ್ಲೇನ್ರಿ?"

"ಚಿಂದಿಲೆ?" ಮಾಯಾವಿ ಗಹಗಹಿಸಿದ. "ಜರಿಗೆ ಹತ್ತದ ನಿದ್ದಿ ಚಿಂದಿಗೆ ಹತ್ತೀತು! ಹೊಲಿ, ನೋಡೇಬಿಡ್ತೇನಿ."

ದುಂಡವ್ವ ಗಂಟು ಹರಡಿದಳು. ಕಲ್ಲಪ್ಪನ ಮದುವೆಯ ಧೋತರ ಕೆಳಗೆ, ಊರವರು ಬೇಡವೆಂದು ಕೊಟ್ಟ ತುಂಡುಗಳು ನಡುವೆ. ಅವ್ವನ ಇಳಕಲ್ಲ ಸೀರೆಯ ಸೆರಗು ಕೈಗೆ ಬಂದಾಗ ತುಸು ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಆಮೇಲೆ ಅದನ್ನೂ ಮೇಲೆ ಹಾಸಿದಳು. ಹೊತ್ತು ಇಳಿಯುವ ತನಕ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ, ತನಗೆಂದು ತಂದ ರೊಟ್ಟಿಯ ಚೂರು ಮುರಿದು ಒಳಗಿಟ್ಟಳು.

"ಅದ್ಯಾಕ?" ಅಂದ ಥಳಕಪ್ಪ.

"ಕೌದಿ ಹೊಟ್ಟಿ ಬರಿದಿರಬಾರ್ದ್ರಿ. ಹಸದ್ರ ಹೊಚ್ಚಿಕೊಂಡವರ ನಿದ್ದಿ ತಿಂತೈತಿ."

ಮಾಯಾವಿ ತನ್ನ ರೇಷ್ಮೆ ಹಾಸಿಗೆಗಳನ್ನು ಒಂದು ಸಲ ನೋಡಿದ.

"ಬೆಲಿ ಎಷ್ಟು?"

"ಇದು ಮಾರಾಟಕ್ಕಲ್ಲ. ಹೊಚ್ಕೊಳ್ರಿ, ಮಕ್ಕೊಳ್ರಿ."

ಹೊದ್ದುಕೊಂಡ. ಯಾರದೋ ಅಂಗಳದ ಬಿಸಿಲು, ಯಾರದೋ ಮಡಿಲು, ಯಾರದೋ ಅಡುಗೆಮನೆಯ ಹೊಗೆ, ಎಲ್ಲದರ ವಾಸನೆ ಅದರಲ್ಲಿತ್ತು. ಒಂದು ಸಲ ಆಕಳಿಸಿದ, ಇನ್ನೊಂದು ಸಲ ಆಕಳಿಸಿದ, ಮೂರನೇ ಆಕಳಿಕೆ ಮುಗಿಯುವ ಮುಂಚೆ ಕಣ್ಣು ಮುಚ್ಚಿದ.

ಪಟಪಟ ಪಟಪಟ ಮುದ್ರೆಗಳು ಒಡೆದವು. ಗಡಿಗೆಗಳಿಂದ ನಿದ್ದೆ ಅರಳೆಯ ಹಾಗೆ ಎದ್ದು, ಅವರವರ ಮನೆ ಹುಡುಕಿಕೊಂಡು ಗಾಳಿಯಲ್ಲಿ ಹಾರಿತು. ದೀಪದ ಕಂಬಗಳು ಮನುಷ್ಯರಾಗಿ ಮೈಮುರಿದವು. ಸಂತೆ ಕರಗಿಹೋಯಿತು. ಹುಲಿಯೂ ಹಾವೂ ಬಿಡುಗಡೆಯಾಗಿ ಕಾಡಿಗೆ ನಡೆದವು. ಹುಲಿ ಮಾತ್ರ ಆ ತೊಗಲು ಬಿಚ್ಚಲೇ ಇಲ್ಲ.

ದುಂಡವ್ವ ಮನೆಗೆ ಬಂದಾಗ ಕಲ್ಲಪ್ಪ ಹೊಸ್ತಿಲಿಗೆ ತಲೆ ಕೊಟ್ಟು, ಕೈಯಲ್ಲಿ ಉಳಿ ಹಿಡಿದೇ ಗೊರಕೆ ಹೊಡೆಯುತ್ತಿದ್ದ. ಪಾದ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಗಂಟು ಬರಿದಾಗಿತ್ತಲ್ಲ, ಅದಕ್ಕೆ ಗಂಟು ಕಟ್ಟಿದ್ದ ಬಟ್ಟೆಯನ್ನೇ ಬಿಡಿಸಿ ಅವನಿಗೆ ಹೊದಿಸಿದಳು.

ಥಳಕಪ್ಪ ಮತ್ತೆ ಏಳಲಿಲ್ಲ, ಮಲಗೇ ಇದ್ದಾನೆ. ಆ ಗುಡ್ಡಕ್ಕೆ ಗೊರಕೆಗುಡ್ಡ ಅಂತಲೇ ಹೆಸರಾಯಿತು. ಹೊನ್ನಾರಿನಲ್ಲಿ ಕೂಸು ಹುಟ್ಟಿದರೆ ಮನೆಮನೆಯಿಂದ ಕೌದಿಗೆ ಒಂದೊಂದು ಹಳೇ ತುಂಡು ಬರುವ ಪದ್ಧತಿ ಬಿತ್ತು. ಮರುವರ್ಷ ದುಂಡವ್ವನ ಮನೆಗೂ ಬಂದವು, ಸುಮ್ಮನೆ ಬಿದ್ದಿದ್ದ ಗಿಲಕಿಗೂ ಕೆಲಸ ಬಂತು. ಕಲ್ಲಪ್ಪ ಅದನ್ನು ಆಡಿಸುತ್ತಾ, "ನೋಡಿದ್ಯಾ, ಬೇಕಾತಿಲ್ಲೋ?" ಅನ್ನುತ್ತಿದ್ದ.

ಅವರೆಲ್ಲ ಅಲ್ಲಿ ಹೊಟ್ಟೆ ತುಂಬಾ ಉಂಡು ಕಣ್ಣು ತುಂಬಾ ಮಲಗಿದರು. ನೀವೂ ಇಲ್ಲಿ ಕೌದಿ ಎಳಕೊಂಡು ಮಲಗಿರಿ.