ಒಂದೇ ಗಾಡಿ, ಎರಡು ತಕರಾರು

"ಗಾಡಿ ಹೋದ್ಮೇಲೆ ಭಾನುವಾರ ಪೂರ್ತಿ ಬಿಡುವು. ಕಣ್ತುಂಬ ನಿದ್ದೆ ಮಾಡಬಹುದು."

ಶನಿವಾರ ಸಂಜೆ ಕೈ ತೊಳೆಯಲು ನಿಂತಾಗ ಅವನು ಅಂದ ಮಾತಿದು. ಅವಳು ಸೋಪು ಕೊಟ್ಟಳು.

ಎರಡು ವರ್ಷದ ಭಾನುವಾರಗಳನ್ನೆಲ್ಲ ಇಬ್ಬರೂ ಆ ಹಳೆಯ ಮೋಟರ್‌ಸೈಕಲ್ಲಿಗೆ ಸುರಿದಿದ್ದರು. ಗುಜರಿಯಿಂದ ಬಂದಾಗ ಅದಕ್ಕೆ ನೆಟ್ಟಗೆ ಒಂದು ಚಕ್ರವೂ ಇರಲಿಲ್ಲ. ಅವಳು ಅಪ್ಪನ ಗ್ಯಾರೇಜಿನಲ್ಲೇ ಕೆಲಸ ಕಲಿತ ಮೆಕ್ಯಾನಿಕ್. ಅವನು ಪಕ್ಕದ ಬೀದಿಯ ಲೇತ್ ಅಂಗಡಿಯವನು. ಪೇಟೆಯಲ್ಲಿ ಸಿಗದ ಬಿಡಿಭಾಗಗಳನ್ನೆಲ್ಲ ತಾನೇ ಕಡೆದು ತರುತ್ತಿದ್ದ. ಮಾತನ್ನೂ ಅಳೆದು ಆಡುವವನೆಂದು ಅವಳು ಅವನಿಗೆ, ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರಿನ ಹೆಸರು ತುಂಡರಿಸಿ, ಮೈಕ್ರೋ ಎಂದು ಹೆಸರಿಟ್ಟಿದ್ದಳು. ಚೋಕ್ ಎಳೆಯದೆ ಏಳದ ತಣ್ಣಗಿನ ಎಂಜಿನ್ನಿನಂತೆ ಕಾಫಿ ಒಳಗಿಳಿಯುವ ತನಕ ಬಾಯಿ ಬಿಡದ ಅವಳನ್ನು ಅವನು ಚೋಕ್ ಎಂದು ಕರೆಯುತ್ತಿದ್ದ.

ಗಾಡಿ ಸಿದ್ಧವಾದರೆ ಅಪ್ಪನ ಗೆಳೆಯ ಡ್ರೈವರ್ ಮಾಮನಿಗೆ ಎಂದು ಮೊದಲೇ ಮಾತಾಗಿತ್ತು. ಈಗ ಸಿದ್ಧವಾಗಿತ್ತು; ಮರುದಿನ ಬೆಳಿಗ್ಗೆ ಅವರು ಒಯ್ಯಲು ಬರುವವರಿದ್ದರು. ಅದು ಹೊರಟರೆ ಅವನಿಗೆ ಗ್ಯಾರೇಜಿಗೆ ಬರಲು ನೆಪವೇ ಇರಲಿಲ್ಲ.

ನಿದ್ದೆಯಂತೆ, ನಿದ್ದೆ. ಅವನು ಆಚೆ ಹೋದದ್ದೇ ತಡ, ಅವಳು ಎಂಜಿನ್ನಿನ ಪಕ್ಕದ ಸಣ್ಣ ಮುಚ್ಚಳ ಬಿಚ್ಚಿ, ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಪ್ಲಗ್ ಡಬ್ಬಿಯಿಂದ ಹರಿದ ಕಾಗದದ ಚೂರೊಂದನ್ನು ತೂರಿಸಿಬಿಟ್ಟಳು. ಕಾಗದ ಇರುವ ತನಕ ಕಿಡಿ ಬರದು. ಗಾಡಿ ಸ್ಟಾರ್ಟ್ ಆಗದಿದ್ದರೆ ಮಾಮ ಬೇಡವೆನ್ನುತ್ತಾರೆ, ಮುಂದಿನ ಭಾನುವಾರ ಉಳಿಯುತ್ತದೆ. ಅದರಾಚೆಗೆ ಅವಳು ಯೋಚಿಸಲಿಲ್ಲ.

ಬೆಳಿಗ್ಗೆ ಅವಳು ಗ್ಯಾರೇಜಿಗೆ ಬಂದಾಗ ಮೈಕ್ರೋ ಆಗಲೇ ಬಂದು ಟ್ಯಾಂಕ್ ಒರೆಸುತ್ತಿದ್ದ. ಎಂದಿನಂತೆ ಕಣ್ಣಲ್ಲೇ ನಕ್ಕು "ಕಾಫಿ ಆಯ್ತಾ, ಚೋಕ್?" ಎನ್ನಲಿಲ್ಲ. ಅವಳ ಮುಖವನ್ನೇ ನೋಡಲಿಲ್ಲ. ಹೋಗುವ ಆತುರವಿರಬೇಕು ಅಂದುಕೊಂಡಳು.

ಮಾಮ ಬಂದರು. ರೈಲು ಓಡಿಸಿ ನಿವೃತ್ತರಾದವರು. ಅವರು ಒಬ್ಬರೇ ಬರುತ್ತಾರೆಂದು ಅವಳು ಎಣಿಸಿದ್ದಳು. ಜೊತೆಗೆ ಅತ್ತೆಯೂ ಇದ್ದರು, ಹೊಸ ಬೂಟು, ಹೊಸ ಹೆಲ್ಮೆಟ್ಟು ಹಾಕಿಕೊಂಡು.

"ಮದುವೆಗೆ ಮುಂಚೆ ಇಂಥದ್ದೇ ಗಾಡೀಲಿ ಕೂರಿಸ್ಕೊಂಡು ಸುತ್ತಿಸಿದ್ರು ಕಣಮ್ಮ," ಎಂದರು ಅತ್ತೆ. "ಮದುವೆ ಆದ್ಮೇಲೆ ಬರೀ ರೈಲು. ಅದ್ರಲ್ಲೂ ಇವರು ಎಂಜಿನ್ನಲ್ಲಿ, ನಾನು ಬೋಗೀಲಿ."

"ಒಂದೇ ಕಿಕ್‌ಗೆ ಎದ್ದು ಕೂರುತ್ತೆ ನೋಡು," ಎಂದ ಅಪ್ಪ. "ನನ್ನ ಮಗಳು ಮುಟ್ಟಿದ ಗಾಡಿ."

ಒಂದು ಕಿಕ್‌ಗೆ ಏಳಲಿಲ್ಲ. ಹತ್ತಕ್ಕೂ ಏಳಲಿಲ್ಲ. ಅಪ್ಪನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಪ್ಲಗ್ ನೋಡೋಣ," ಎಂದ ಮೈಕ್ರೋ. ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದ. ಅವಳು ಕಿಕ್ ಒತ್ತಿದಳು. ಏನೂ ಇಲ್ಲ. ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಕಿಡಿನೇ ಇಲ್ವಲ್ಲ," ಎಂದ, ಇದೊಂದನ್ನು ನಿರೀಕ್ಷಿಸಿರದವನ ಹಾಗೆ. ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡು ಆ ಸಣ್ಣ ಮುಚ್ಚಳದತ್ತ ಬಗ್ಗಿದ.

ಅವಳು ಮುಂದೆ ನುಗ್ಗಿದಳು. "ಅದನ್ನ ನಾನು ನೋಡ್ತೀನಿ."

ಸ್ಕ್ರೂಡ್ರೈವರನ್ನು ಕಿತ್ತುಕೊಂಡೇಬಿಟ್ಟಿದ್ದಳು. ಅವನ ನೋಟ ಅವಳ ಕೈಯಿಂದ ಮುಖಕ್ಕೆ ಏರಿತು, ಅಲ್ಲೇ ನಿಂತಿತು. ಎರಡು ವರ್ಷದಲ್ಲಿ ಅವಳು ಅವನ ಕೈಯಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ.

ಮುಚ್ಚಳದಡಿ ಕಾಗದ ಹಾಗೇ ಇತ್ತು. ಪಾಯಿಂಟು ಸುಟ್ಟಿದೆ, ಹೊಸದು ಸಿಗೋದು ಕಷ್ಟ ಎಂದರೆ ಸಾಕು, ಕೆಲಸ ಮುಗಿಯುತ್ತಿತ್ತು. ಮಾಮನಂತೂ ಆಗಲೇ ಅಪ್ಪನ ಭುಜದ ಮೇಲೆ ಕೈ ಹಾಕಿದ್ದರು.

"ಬೇಜಾರು ಮಾಡ್ಕೋಬೇಡ ಕಣಯ್ಯ. ದಾರೀಲಿ ಕೈಕೊಟ್ರೆ ಇವಳ ಮುಂದೆ ತಳ್ಳೋ ವಯಸ್ಸಲ್ಲ ನಂದು. ಬಿಟ್ಟುಬಿಡೋಣ."

ಅಪ್ಪ ತಲೆ ತಗ್ಗಿಸಿದ. ಅತ್ತೆ ಗದ್ದದ ಕೆಳಗೆ ಕೈ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದರು. ಹೊಸ ಪಟ್ಟಿ, ಬೇಗ ಬಿಚ್ಚಲಿಲ್ಲ.

ಅದನ್ನು ನೋಡಲು ಅವಳಿಂದ ಆಗಲಿಲ್ಲ. "ಮಾಮ, ಒಂದು ನಿಮಿಷ," ಎಂದು ಬೆಣ್ಣೆಯಿಂದ ಕೂದಲು ತೆಗೆದಂತೆ ಕಾಗದವನ್ನು ಎಳೆದು ಎಡಗೈಯ ಮುಷ್ಟಿಯಲ್ಲಿ ಅಡಗಿಸಿದಳು. ಹೋಗಲಿ, ಗಾಡಿಯೂ ಹೋಗಲಿ, ಅವನೂ ಹೋಗಿ ಮಲಗಲಿ.

ಈ ಸಲ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಜಾಗಕ್ಕೆ ಕೂರಿಸಿ, ಮನಸ್ಸು ಕಲ್ಲು ಮಾಡಿಕೊಂಡು ಕಿಕ್ ಹೊಡೆದಳು.

ಸ್ಟಾರ್ಟ್ ಆಗಲಿಲ್ಲ.

ಮತ್ತೆ ಹೊಡೆದಳು. ಇಲ್ಲ. ಈಗ ಬೆವರಿದ್ದು ಅವಳು. ತಾನು ಮಾಡಿದ ತಕರಾರನ್ನು ತಾನೇ ತೆಗೆದಾಗಿದೆ, ಇನ್ನೇನು ಉಳಿದಿದೆ? ಪ್ಲಗ್ ಮತ್ತೆ ಬಿಚ್ಚಿದಳು. ಪೆಟ್ರೋಲಿನಲ್ಲಿ ಮಿಂದಂತೆ ಒದ್ದೆಯಾಗಿತ್ತು.

"ಕಿಡಿ ಇದೆ, ಪೆಟ್ರೋಲೂ ಬರ್ತಿದೆ," ಎಂದಳು ತನಗೇ ಹೇಳಿಕೊಂಡಂತೆ. "ಉಸಿರು ಕಟ್ಟಿದೆ ಇದಕ್ಕೆ. ಗಾಳಿ ಹೋಗ್ತಿಲ್ಲ."

"ಏರ್ ಬಾಕ್ಸ್ ನಾನು ನೋಡ್ತೀನಿ," ಎಂದ ಮೈಕ್ರೋ.

ಅದೇ ಆತುರ, ಅದೇ ದನಿ; ಈಗಷ್ಟೇ ಅವಳ ಬಾಯಿಂದ ಬಂದಿದ್ದಂಥದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಗುರುತಿಸಲು ಇನ್ನೊಬ್ಬ ಕಳ್ಳನೇ ಬೇಕು. ಅವನ ಕೈ ತಲುಪುವ ಮೊದಲೇ ಅವಳು ಸೀಟಿನಡಿಯ ಡಬ್ಬಿ ತೆರೆದಳು.

ಗಾಳಿ ಹೋಗುವ ಬಾಯಿಯಲ್ಲಿ ಒಂದು ನೀಲಿ ಚೌಕುಳಿ ಬಟ್ಟೆ ತುರುಕಿತ್ತು. ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಸಿದ್ದು. ಒರೆಸುವ ಬಟ್ಟೆಯನ್ನೂ ಹಾಗೆ ಮಡಿಸುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

ಇಬ್ಬರೂ ಗಾಡಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಆಚೆ ಬದಿಯಲ್ಲಿ ಅಪ್ಪನ ಚಪ್ಪಲಿ, ಅತ್ತೆಯ ಬೂಟು ಕಾಣುತ್ತಿದ್ದವು.

"ಏನಿದು?" ಪಿಸುಗುಟ್ಟಿದಳು.

"ಬಟ್ಟೆ."

"ಅದು ಕಾಣ್ತಿದೆ."

ಅವನ ಕಿವಿ ಕೆಂಪಾಯಿತು. ಅವಳ ಮುಷ್ಟಿಯತ್ತ ನೋಡಿ ಕೇಳಿದ: "ನಿನ್ನ ಎಡಗೈಲಿ ಏನಿದೆ, ಚೋಕ್?"

ಅವಳು ಮುಷ್ಟಿ ಬಿಚ್ಚಿದಳು. ಕಾಗದ ಬೆವರಿಗೆ ಮೆತ್ತಗಾಗಿತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಎಲ್ಲವನ್ನೂ ಅಳೆಯುವ ಆ ಕಣ್ಣುಗಳಿಗೆ ಅಳತೆ ತಪ್ಪಿದ್ದನ್ನು ಅವಳು ಮೊದಲ ಸಲ ಕಂಡಳು. ಅವಳೆದೆ ಬಡಿದುಕೊಳ್ಳುವ ಸದ್ದು ಚಪ್ಪಲಿ ಬೂಟುಗಳ ತನಕ ಕೇಳಿಸೀತು ಅನ್ನಿಸಿತು.

"ಕಳಿಸಿಬಿಡೋಣ ಗಾಡೀನ," ಎಂದಳು.

"ಹೂಂ. ಅತ್ತೆ ಬೂಟು ಹಾಕ್ಕೊಂಡು ಬಂದಿದಾರೆ."

ಪೆಟ್ರೋಲ್ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಖಾಲಿ ಕಿಕ್ ಹೊಡೆದು ಎಂಜಿನ್ನಿನ ಒದ್ದೆ ಆರಿಸಿದರು. ಅವನು ಒರೆಸಿ ಕೊಟ್ಟ ಪ್ಲಗ್ಗನ್ನು ಅವಳು ಕೂರಿಸಿದಳು. ಆಮೇಲೆ ಮಾಮನೇ ಕಾಲಿಟ್ಟರು. ಒಂದೇ ಕಿಕ್. ತಗಡಿನ ಸೂರೆಲ್ಲ ನಡುಗುವಂತೆ ಗಾಡಿ ಗುಡುಗಿತು. ಅತ್ತೆ ಹೆಲ್ಮೆಟ್ಟಿನ ಪಟ್ಟಿ ಮತ್ತೆ ಬಿಗಿದುಕೊಂಡು ಹಿಂದೆ ಹತ್ತಿ, ಮಾಮನ ಸೊಂಟ ಹಿಡಿದು ಕೂತರು. ಅಪ್ಪ ಅವರ ಹಿಂದೆಯೇ ರಸ್ತೆಯ ತನಕ ಹೋದ.

ಗಾಡಿ ನಿಂತಿದ್ದ ಜಾಗದಲ್ಲಿ ಆಯಿಲ್ ಕಲೆಯೊಂದು ಉಳಿಯಿತು. ಅದರ ಆಚೆ ಅವನು, ಈಚೆ ಅವಳು.

"ಕಣ್ತುಂಬ ನಿದ್ದೆ ಅಂದ್ಯಲ್ಲ," ಎಂದಳು.

"ಬೇಡ, ಬಾ ಅಂತೀಯೇನೋ ಅಂತ ಕಾದೆ. ನೀನು ಸೋಪು ಕೊಟ್ಟೆ."

"ಮತ್ತೆ ನೀನೇ ಹೇಳಬಹುದಿತ್ತಲ್ಲ."

"ಹೇಳೋಕೆ ಬಂದಿದ್ರೆ ಬಟ್ಟೆ ಯಾಕೆ ತುರುಕ್ತಿದ್ದೆ?" ಅವನು ಕಲೆ ದಾಟಿ ಈಚೆ ಬಂದ. "ನಂಗೆ ಗಾಡಿ ಬೇಕಿರಲಿಲ್ಲ, ಚೋಕ್. ಯಾವತ್ತೂ. ನೀನು ಬೇಕಿತ್ತು."

ಅಳೆದ ಮಾತಲ್ಲ ಅದು. ಅವಳ ಕಣ್ಣು ತುಂಬಿ ಬಂತು. "ನಂಗೂ," ಎಂದಳು. ಅವನು ಚೌಕುಳಿ ಬಟ್ಟೆಯ ಮಡಿಕೆ ಬಿಚ್ಚಿ ಅವಳ ಕೆನ್ನೆ ಒರೆಸಿದ. ಬಟ್ಟೆಯಲ್ಲಿದ್ದ ಮಸಿಯೆಲ್ಲ ಕೆನ್ನೆಗೆ ಬಂತು.

ಅಷ್ಟರಲ್ಲಿ ಅಪ್ಪ ವಾಪಸು ಬಂದು ಬಾಗಿಲಲ್ಲಿ ನಿಂತ.

"ಒಂದೇ ಗಾಡೀಲಿ, ಒಂದೇ ಬೆಳಿಗ್ಗೆ, ಎರಡು ತಕರಾರು. ನನ್ನ ಜನ್ಮದಲ್ಲೇ ನೋಡಿರಲಿಲ್ಲ. ಹೇಗೆ ಬಂತು ಅಂತೀನಿ?"

"ಮುಂದಿನ ಭಾನುವಾರ ಇಬ್ರೂ ಕೂತು ಹುಡುಕ್ತೀವಿ, ಅಪ್ಪ."

"ಗಾಡಿನೇ ಹೋಯ್ತಲ್ಲೇ?"

"ಗಾಡಿ ಹೋಯ್ತು. ತಕರಾರು ಇಲ್ಲೇ ಉಳೀತು."

ಅಪ್ಪ ಅವಳ ಕೆನ್ನೆಯ ಮಸಿ ನೋಡಿದ. ಅವನ ಕೈಯ ಬಟ್ಟೆ ನೋಡಿದ. ನೆಲದ ಮೇಲೆ ಬಿದ್ದಿದ್ದ ಕಾಗದದ ಚೂರನ್ನು ಎತ್ತಿ, ಬೆಳಕಿಗೆ ಹಿಡಿದು, ಜೇಬಿಗೆ ಹಾಕಿಕೊಂಡ.

"ಸರಿ," ಎಂದ ಒಳಗೆ ಹೋಗುತ್ತಾ. "ಮಧ್ಯಾಹ್ನ ಊಟಕ್ಕೆ ಆ ತಕರಾರಿಗೂ ಒಂದು ತಟ್ಟೆ ಹಾಕು."