ಇಪ್ಪತ್ತೊಂದನೆಯ ಕಡ್ಡಿ

1984ರ ಮಾರ್ಚ್ 11, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ಯಲಹಂಕ ಠಾಣೆಗೆ ಬಂದ ರತ್ನಕ್ಕ ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ತಮ್ಮನ ಸೈಕಲ್ ಟೈರು ಯಾರೋ ಕೊಯ್ದಾರ್ರಿ. ಇವತ್ತ ಮುಂಜಾನೆ ಜಕ್ಕೂರಿನ ಇಳಿಜಾರಿನಾಗ ಬಿದ್ದು ಕಾಲು ಮುರದೈತಿ."

ತಮ್ಮ ಶೇಖರಪ್ಪ ಗದಗದ ಕಡೆಯವನು. ಇಲ್ಲಿ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ, ಮಿಕ್ಕ ಹೊತ್ತೆಲ್ಲ ರೇಸ್ ಸೈಕಲ್. ಮುಂದಿನ ಭಾನುವಾರ ರಾಜ್ಯ ತಂಡಕ್ಕೆ ಆಯ್ಕೆಯಿತ್ತು. ಉಳಿದಿದ್ದ ಒಂದೇ ಜಾಗಕ್ಕೆ ಇಬ್ಬರು: ಶೇಖರಪ್ಪ, ಮತ್ತಿಕೆರೆಯ ಬದರೀನಾಥ.

"ಯಾರ ಮೇಲಾದ್ರೂ ಅನುಮಾನ ಇದೆಯೇನಮ್ಮ?" ಇನ್ಸ್‌ಪೆಕ್ಟರ್ ಶೇಷಗಿರಿ ಕೇಳಿದರು.

"ಇನ್ಯಾರ ಮ್ಯಾಲ ಇರತೈತ್ರಿ?"

ಎಫ್‌ಐಆರ್ ಆಯಿತು. ಸೈಕಲ್ಲನ್ನು ಠಾಣೆಗೆ ತಂದಿದ್ದವನು ಜಕ್ಕೂರು ಕ್ರಾಸಿನ ಸೈಕಲ್ ಅಂಗಡಿಯ ನರಸಯ್ಯ. ಬಿದ್ದವನನ್ನು ಆಟೋ ಹತ್ತಿಸಿ, ಸೈಕಲ್ಲನ್ನು ಅಂಗಡಿಗೆ ಒಯ್ದು, ಮುಂದಿನ ಟೈರಿನಲ್ಲಿ ಮೂರು ಬೆರಳುದ್ದದ ಕೊಯ್ತವನ್ನು ಮೊದಲು ಕಂಡವನೂ ಅವನೇ. ಆ ಸುತ್ತಿನ ಸವಾರರಿಗೆಲ್ಲ ಅವನ ಮಾತೇ ವೇದ. ಟೈರಿನ ಮೇಲೆ ಹೆಬ್ಬೆರಳು ಆಡಿಸಿ, ಇನ್ನೆಷ್ಟು ಮೈಲಿ ಬಾಳುತ್ತದೆಂದು ಹೇಳಿಬಿಡುತ್ತಿದ್ದ.

ಮಧ್ಯಾಹ್ನ ಹನ್ನೆರಡಕ್ಕೆ ಬದರೀನಾಥನನ್ನು ಕರೆತಂದರು.

"ನಿನ್ನೆ ಸಂಜೆ ನರಸಯ್ಯನ ಅಂಗಡಿಗೆ ಹೋಗಿದ್ಯಾ?"

"ಹೋಗಿದ್ದೆ ಸಾರ್. ಚೈನಿಗೆ ಎಣ್ಣೆ ಹಾಕ್ಸೋಕೆ."

"ಶೇಖರಪ್ಪನ ಸೈಕಲ್ ಅಲ್ಲೇ ಇತ್ತು."

"ಇತ್ತು ಸಾರ್. ನಾನು ಚಾಕು ತಗೊಂಡು ಹೋಗಿರ್ಲಿಲ್ಲ."

ಚಾಕುವಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೊಯ್ತದ ಸುದ್ದಿ ಆಗಲೇ ಮತ್ತಿಕೆರೆವರೆಗೂ ಹಬ್ಬಿತ್ತು ಎಂಬುದೂ ನಿಜವೇ. ಕೇಸು ಅವನ ಮೇಲೆ ನಿಂತರೆ ಆಯ್ಕೆ ಹೋಯಿತು, ಮರ್ಯಾದೆಯೂ ಹೋಯಿತು. ಹುಡುಗ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಕಾನ್‌ಸ್ಟೇಬಲ್ ಪಿಳ್ಳಪ್ಪ ಮೂವತ್ತು ವರ್ಷ ಸೈಕಲ್ಲಿನಲ್ಲೇ ಬೀಟ್ ಮಾಡಿದವನು. ಅವನು ಟೈರು ನೋಡಿ ಮೂಗು ಮುರಿದ.

"ಇಷ್ಟುದ್ದ ಕುಯ್ದಿದ್ರೆ ಸೈಕಲ್ ಅಂಗಡಿ ಬಾಗ್ಲು ದಾಟ್ತಿರ್ಲಿಲ್ಲ ಸಾ. ಆ ಬಿದ್ದಿರೋ ಉಡ್ಗ ದೇವನಳ್ಳಿಗೋಗಿ ವಾಪಸ್ ಬರೋಗಂಟ ಎಂಗೆ ಓಡ್ತು?"

ಶೇಷಗಿರಿಗೆ ಆಗಿನಿಂದ ಎಲ್ಲರ ಮೇಲೂ ಅನುಮಾನ ಶುರುವಾಯಿತು. ಕೆಟ್ಟ ರೋಗ ಅದು, ಆದರೆ ಅವರ ಸಂಬಳ ಬರುತ್ತಿದ್ದದ್ದೇ ಅದಕ್ಕೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೈಕಲ್ ಸಮೇತ ನರಸಯ್ಯನ ಅಂಗಡಿಗೆ ಹೋದರು.

"ಈ ಟೈರು ಹಳೇದಲ್ವಾ?"

"ಹಳೇದಾದ್ರೇನು ಸಾರ್? ಭಾರ ಬೀಳೋದು ಹಿಂದಿನ ಚಕ್ರಕ್ಕೆ. ಹಿಂದಿಂದು ಎರಡು ಸವೆಯೋ ಹೊತ್ತಿಗೆ ಮುಂದಿಂದು ಒಂದು. ಶನಿವಾರ ನಾನೇ ಕೈಯಾಡಿಸಿ ನೋಡಿದ್ದೆ, ಇನ್ನೂ ಐನೂರು ಮೈಲಿ ಗ್ಯಾರಂಟಿ."

"ಟೈರಿನ ಮೇಲಿನ ಕಂಪನಿ ಹೆಸರು ಸರಿಯಾಗಿ ವಾಲ್ವ್ ಹತ್ರಾನೇ ಇದೆಯಲ್ಲ, ಯಾಕೆ?"

ನರಸಯ್ಯನ ಮುಖ ಅರಳಿತು. ಕೇಳುವವರಿಗಾಗಿಯೇ ಕಾದಿದ್ದಂತೆ ಹೇಳಿದ: "ಅದು ನನ್ನ ಪದ್ಧತಿ ಸಾರ್. ಟ್ಯೂಬಲ್ಲಿ ತೂತು ಸಿಕ್ತು ಅನ್ನಿ, ವಾಲ್ವಿಂದ ಚಕ್ರದ ಕಡ್ಡಿ ಎಣಿಸಿದ್ರೆ ಟೈರಲ್ಲಿ ಮುಳ್ಳು ಎಲ್ಲಿದೆ ಅಂತ ಗೊತ್ತಾಗುತ್ತೆ. ಹುಡುಕೋದೇ ಬೇಡ."

"ಹಾಗಾದ್ರೆ ಎಣಿಸೋಣ."

ಸಾಕ್ಷಿಗೆ ಕರೆಸಿದ ಪಂಚರ ಎದುರು ಪಿಳ್ಳಪ್ಪ ವಾಲ್ವಿನಿಂದ ಒಂದೊಂದೇ ಕಡ್ಡಿ ಮುಟ್ಟುತ್ತ ಎಣಿಸಿದ. ಕೊಯ್ತ ಇದ್ದದ್ದು ಒಂಬತ್ತನೆಯ ಕಡ್ಡಿಯ ಮೇಲೆ. ಟೈರು ಬಿಚ್ಚಿ ನೋಡಿದರೆ ಅಲ್ಲಿ ಟ್ಯೂಬಿಗೆ ಒಂದು ಗೀರೂ ಇರಲಿಲ್ಲ. ಟ್ಯೂಬು ಒಡೆದು ಬಾಯಿಬಿಟ್ಟಿದ್ದು ಇಪ್ಪತ್ತೊಂದನೆಯ ಕಡ್ಡಿಯ ಬಳಿ. ಅಲ್ಲಿ ಟೈರಿನ ರಬ್ಬರು ಪೂರಾ ಸವೆದು, ಒಳಗಿನ ನೂಲು ಕಿತ್ತುಹೋಗಿತ್ತು. ಕೊಯ್ತದೊಳಗೆ ರಸ್ತೆಯ ಧೂಳಿನ ಒಂದು ಕಣವೂ ಸಿಗಲಿಲ್ಲ. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು.

"ಬಿದ್ದಾಗ ಟೈರು ಜರುಗಿರುತ್ತೆ ಸಾರ್," ಎಂದ ನರಸಯ್ಯ.

"ಹೆಸರು ಇನ್ನೂ ವಾಲ್ವ್ ಹತ್ರಾನೇ ಇದೆ. ಜರುಗಿದ್ದು ಯಾವುದು ನರಸಯ್ಯನವರೇ?"

ನರಸಯ್ಯ ಸ್ಟೂಲಿನ ಮೇಲೆ ಕೂತು ತನ್ನ ಎರಡೂ ಕೈ ನೋಡಿಕೊಂಡ.

"ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಸಾರ್. ಬೆರಳು ಜೋಮು ಹಿಡಿದಿವೆ. ನೂಲು ಯಾವುದು, ರಬ್ಬರ್ ಯಾವುದು, ತಿಳಿಯೋದೇ ಇಲ್ಲ. ಕಣ್ಣೂ ಅಷ್ಟಕ್ಕಷ್ಟೆ. ಅಂದಾಜಲ್ಲಿ ಹೇಳ್ತಿದ್ದೆ."

"ಬಿದ್ದ ಮೇಲೆ ಕೊಯ್ದ್ರಾ?"

"ಹೂಂ. ನನ್ನ ಮಾತು ನಂಬಿ ಹುಡುಗ ಕಾಲು ಮುರ್ಕೊಂಡ ಅಂತ ಊರಿಗೆ ತಿಳಿದ್ರೆ, ನನ್ನ ಹತ್ರ ಇನ್ನೇನಿದೆ ಸಾರ್?"

"ಬದರೀನಾಥನ ಗತಿ ಏನಾಗ್ತಿತ್ತು?"

"ಅವನ ಹೆಸರು ನಾನು ಹೇಳ್ಲಿಲ್ಲ."

ಹೇಳಿರಲಿಲ್ಲ, ನಿಜ. ಬೇರೆಯವರು ಹೇಳುವಾಗ ಸುಮ್ಮನಿದ್ದ, ಅಷ್ಟೆ. ಶೇಷಗಿರಿಗೆ ಸಿಟ್ಟು ಬಂದದ್ದು ಅದಕ್ಕೇ. ಹನ್ನೊಂದೂ ನಲವತ್ತಕ್ಕೆ, ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದಕ್ಕೂ ನಿರ್ಲಕ್ಷ್ಯದಿಂದ ಗಾಯಕ್ಕೆ ಕಾರಣನಾದದ್ದಕ್ಕೂ ಅವನನ್ನು ದಸ್ತಗಿರಿ ಮಾಡಿದರು. ಬದರೀನಾಥನನ್ನು ಮನೆಗೆ ಕಳಿಸಿದರು.

ಸಂಜೆ ಆಸ್ಪತ್ರೆಯಲ್ಲಿ ಶೇಖರಪ್ಪನ ಹೇಳಿಕೆ ಬರೆದುಕೊಳ್ಳುವುದು ಬಾಕಿಯಿತ್ತು. ಮಂಚದ ಪಕ್ಕದಲ್ಲಿ ರತ್ನಕ್ಕ ಕೂತಿದ್ದಳು. ಶೇಷಗಿರಿ ನಡೆದದ್ದನ್ನೆಲ್ಲ ಹೇಳಿ, ಕೊನೆಯದಾಗಿ ಕೇಳಿದರು: "ಹೊರಡೋ ಮೊದಲು ನೀನು ಟೈರು ನೋಡಿರ್ಲಿಲ್ವಾ?"

"ನೋಡಿದ್ನಿರಿ. ನೂಲು ಕಾಣತಿತ್ತು."

"ಮತ್ತೆ?"

ಶೇಖರಪ್ಪ ಪ್ಲಾಸ್ಟರ್ ಹಾಕಿದ ಕಾಲಿನ ಕಡೆ ನೋಡಿದ.

"ನರಸಯ್ಯನವರು ಐನೂರು ಮೈಲಿ ಅಂದಿದ್ರಲ್ರಿ. ನನ್ನ ಕಣ್ಣ ತಪ್ಪಿರಬೇಕು ಅನಕೊಂಡೆ."