ನನ್ನ ಕಡೆ ಯಾರು?

ಅವಳ ನಗು ಖಾಲಿ ಮನೆಯ ಗೋಡೆಗಳಿಗೆಲ್ಲ ತಾಗಿ ಮತ್ತೆ ಅವನ ಹತ್ತಿರವೇ ಬಂತು.

"ಇದೇ ಮನೆ," ಅಂದಳು ನರ್ಸ್. ಕಿಟಕಿಯ ಬಿಸಿಲು ಅವಳ ಕೆನ್ನೆ ಮೇಲೆ ಬಾಡಿಗೆ ಕೊಡದೆ ಕೂತಿತ್ತು. ಬ್ರೋಕರ್‌ಗೆ ಆ ಬಿಸಿಲಿನ ಮೇಲೂ ಹೊಟ್ಟೆಕಿಚ್ಚು.

"ಅಮ್ಮನಿಗೆ ಉಬ್ಬಸ. ಒಳಗಿನ ರೂಮು ಅವಳಿಗೆ. ಡ್ಯೂಟಿ ಮುಗಿಸಿ ಬಂದ್ರೆ ನಂಗೆ ಈ ಕಿಟಕಿ. ಸರಿ, ಸಾಹೇಬ್ರೇ, ನಿಮ್ಮ ಕಮಿಷನ್ ಹೇಗೆ?"

"ಕೊಳ್ಳೋರು ಎರಡು ಪರ್ಸೆಂಟ್, ಮಾರೋರು ಎರಡು. ರಿಜಿಸ್ಟ್ರೇಷನ್ ಆದ ದಿನ." ಅವನ ಕಿವಿ ಬಿಸಿಯಾಯಿತು. "ನಿಮ್ಮ ಹತ್ರ ಬೇಡ."

ಪ್ರೀತಿ ಹೇಳೋಕೆ ಅವನಿಗೆ ಬರ್ತಿದ್ದ ಮಾತು ಅಷ್ಟೇ. ಅವಳ ನಗು ಮಾತ್ರ ಪಟ್ಟನೆ ಆರಿತು.

"ಅಂದ್ರೆ ಓನರ್ ಒಬ್ಬರೇ ಕೊಡೋದು. ನೀವು ಅವರ ಕಡೆ. ನನ್ನ ಕಡೆ ಯಾರು?"

ಅವನ ಮೈಯೆಲ್ಲ ಉರಿಯಿತು. ಇವಳಿಗೋಸ್ಕರ ದುಡಿಮೆ ಬಿಟ್ಟರೆ ಕಳ್ಳನ ಹಾಗೆ ನೋಡ್ತಾಳಲ್ಲ! ನಾಲ್ಕು ಮಾತಲ್ಲಿ ಬಿಸಿ ಮುಟ್ಟಿಸೋಣ ಅಂತ ತಿರುಗಿದ. ಅವಳು ಆಗಲೇ ಒಳಗಿನ ರೂಮಿಗೆ ಹೋಗಿ, ಹೊಸ ಪೇಂಟಿನ ಗೋಡೆ ಉದ್ದಕ್ಕೂ ಗೇಣು ಹಾಕುತ್ತಿದ್ದಳು. ಅಮ್ಮನ ಮಂಚಕ್ಕೆ ಜಾಗ ಸಾಕಾ ಅಂತ.

ಬೈಯೋದು ಬಿಟ್ಟ. ಫೋನ್ ತೆಗೆದು ಓನರ್‌ಗೆ ಹಚ್ಚಿದ.

"ಅಂಕಲ್, ನಿಮ್ಮ ಕಮಿಷನ್ ನಂಗೆ ಬೇಡ. ಗೋಡೆ ವಿಷಯ ಇವರಿಗೆ ಹೇಳ್ತಿದೀನಿ."

ಓನರ್ ಬೈದದ್ದು ಬೀದಿಗೂ ಕೇಳಿಸಿರಬೇಕು.

"ಒಳಗೆ ಪೈಪ್ ಸೋರ್ತಿದೆ," ಅಂದ ಅವಳಿಗೆ. "ಬೂಸ್ಟಿನ ಮೇಲೇ ಪೇಂಟ್ ಬಳಿದಿದಾರೆ. ನಂಗೆ ಗೊತ್ತಿತ್ತು."

"ಗೊತ್ತಿದ್ದೂ?"

"ನೀವು ಅಷ್ಟು ಚೆನ್ನಾಗಿ ನಕ್ಕಿರಲ್ಲ. ಕೆಡಿಸೋಕೆ ಧೈರ್ಯ ಬರ್ಲಿಲ್ಲ."

ಅವಳು ಗೋಡೆಯಿಂದ ಕೈ ತೆಗೆದಳು. ಕಣ್ಣು ತುಂಬಿತ್ತು. ಸಿಟ್ಟೋ ಸಮಾಧಾನವೋ, ಅವನಿಗೆ ಗೊತ್ತಾಗಲಿಲ್ಲ. ಗಾಳಿಗೆ ಕಿಟಕಿಯ ಬಾಗಿಲೊಂದು ಮೆಲ್ಲಗೆ ತೂಗುತ್ತಿತ್ತು.

"ಅವರದು ಹೋಯ್ತು. ನನ್ನದು ಬೇಡ ಅಂದ್ರಿ. ಹೊಟ್ಟೆಗೇನು ತಿಂತೀರಾ?"

"ಬೈಗುಳ. ಈಗ ತಾನೇ ಆಯ್ತಲ್ಲ."

ತಡೆದರೂ ಅವಳ ತುಟಿ ಅರಳಿತು. "ಇನ್ನೊಂದ್ಸಲ ಮುಚ್ಚಿಟ್ರೆ ಜೋಕೆ. ಮತ್ತೆ, ನನ್ನ ಎರಡು ಪರ್ಸೆಂಟ್ ತಗೊಳ್ಳಲೇಬೇಕು. ತಗೊಂಡ್ರೆ ಮಾತ್ರ ನೀವು ನನ್ನ ಕಡೆ."

"ಒಂದು ಕಾಸು ಕೊಡದಿದ್ರೂ ನಾನು ನಿನ್ನ ಕಡೆನೇ," ಅಂದುಬಿಟ್ಟ. ಅಂದಮೇಲೆ ನೆಲ ನೋಡಿದ.

ಅವಳು ಹತ್ತಿರ ಬಂದು, ಗೋಡೆ ತಾಗಿ ಅವನ ತೋಳಿಗೆ ಮೆತ್ತಿದ್ದ ಪೇಂಟನ್ನು ಬೆರಳ ತುದಿಯಲ್ಲಿ ನಿಧಾನವಾಗಿ ಒರೆಸಿದಳು.

"ಬೇರೆ ಮನೆ ತೋರ್ಸು. ಗೋಡೆ ಒಣಗಿರಲಿ. ಅಡುಗೆಮನೇಲಿ ಇಬ್ಬರು ನಿಲ್ಲೋಷ್ಟು ಜಾಗ ಇರ್ಲಿ."

"ನೀವೂ ಅಮ್ಮನೂ?"

"ಪೆದ್ದು," ಅಂದಳು. "ಅಮ್ಮ ಅಡುಗೆಮನೆ ಕಡೆ ತಲೆನೂ ಹಾಕಲ್ಲ."